ಹಾರ್ಪಿಗೆ ಒಂದು ನದಿ ಕೊಡಿ

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ನಾಲ್ವರು ಗೆಳೆಯರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತೇನೆ. ದಾಳ ಹಾಕಿ, ಪಾತ್ರ ವಹಿಸಿ ಆಡುವ ಕಥೆಯ ಆಟ; ಮಾನ್ಸ್ಟರ್‌ಗಳನ್ನು ನಡೆಸುವವನು ನಾನು. ಐದನೇ ಆವೃತ್ತಿ, 2014ರ ಪುಸ್ತಕಗಳು. ಫೈಟರ್ (ಯೋಧ), ರೋಗ್ (ಕಳ್ಳ), ಕ್ಲೆರಿಕ್ (ದೈವಶಕ್ತಿಯ ಪೂಜಾರಿ), ವಿಝರ್ಡ್ (ಮಂತ್ರವಾದಿ) ಇದ್ದಾರೆ. ಎಲ್ಲರೂ ಮೂರನೇ ಲೆವೆಲ್. ಹೋದ ವಾರ ಬಯಲಿನಲ್ಲಿ ಮೂರು ಹಾರ್ಪಿಗಳನ್ನು (ಹಾಡಿ ಮರುಳು ಮಾಡುವ, ರೆಕ್ಕೆಯಿರುವ ಹೆಣ್ಣು ಮಾನ್ಸ್ಟರ್) ಬಿಟ್ಟೆ. ಪುಸ್ತಕದ ಲೆಕ್ಕದಲ್ಲಿ ಅದು ‘ಹಾರ್ಡ್’ ಎನ್‌ಕೌಂಟರ್, ಅಂದರೆ ಕಷ್ಟದ ಕಾಳಗ. ಒಂದು ಹಾರ್ಪಿ ಹಾಡಿತು, ಫೈಟರ್ ಮರುಳಾದ. ಅಷ್ಟರಲ್ಲಿ ಉಳಿದವರು ಎಲ್ಲವನ್ನೂ ಹೊಡೆದು ಹಾಕಿದರು. ಮೂರೇ ರೌಂಡಿಗೆ (ಎಲ್ಲರಿಗೂ ಒಂದೊಂದು ಸರದಿ ಬಂದರೆ ಒಂದು ರೌಂಡ್) ಮುಗಿಯಿತು. ಯಾರಿಗೂ ಭಯವೇ ಆಗಲಿಲ್ಲ. ಮುಂದಿನ ವಾರ ಗೋಬ್ಲಿನ್‌ಗಳು ಸೇರಿಕೊಂಡಿರುವ ಹಳೆಯ ಗಣಿಗೆ ಹೋಗುತ್ತಾರೆ. ಮಾನ್ಸ್ಟರ್‌ಗಳ ಹಿಟ್ ಪಾಯಿಂಟ್ (ಎಷ್ಟು ಏಟು ತಾಳುತ್ತವೆ ಅನ್ನುವ ಅಂಕಿ) ದುಪ್ಪಟ್ಟು ಮಾಡಲಾ? ಇಲ್ಲಾ ಸಂಖ್ಯೆ ಜಾಸ್ತಿ ಮಾಡಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಆ ಹಾರ್ಪಿಗಳಿಗೆ ಏನಾಯಿತು ಅಂತ ನೋಡೋಣ. ಅದು ಗೊತ್ತಾದರೆ ಗಣಿಯ ದಾರಿ ತಾನಾಗಿ ಕಾಣುತ್ತದೆ.

ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಒಂದು ಹಾರ್ಪಿಗೆ 200 ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅನುಭವದ ಅಂಕ). ಮೂರಕ್ಕೆ 600. ಮೂರರಿಂದ ಆರು ಮಾನ್ಸ್ಟರ್ ಇದ್ದರೆ ಎರಡರಿಂದ ಗುಣಿಸಬೇಕು, ಅಲ್ಲಿಗೆ 1200. ಮೂರನೇ ಲೆವೆಲ್‌ನ ನಾಲ್ವರಿಗೆ 900ಕ್ಕೆ ‘ಹಾರ್ಡ್’, 1600ಕ್ಕೆ ‘ಡೆಡ್ಲಿ’. ಆದರೆ ಈ ಲೆಕ್ಕಕ್ಕೆ ಬಯಲು ಯಾವುದು, ನದಿ ಯಾವುದು, ಗುಹೆ ಯಾವುದು ಗೊತ್ತಿಲ್ಲ. ಮೊಸಳೆಯನ್ನು ದಡಕ್ಕೆ ಎಳೆದು ತಂದು ತೂಕ ಹಾಕಿದರೂ ಅದೇ ತೂಕ, ನೀರಲ್ಲಿ ಬಿಟ್ಟರೂ ಅದೇ ತೂಕ. ಬಲ ಮಾತ್ರ ಬೇರೆ ಬೇರೆ, ಅಲ್ವಾ?

ಹಾರ್ಪಿಯ ಪುಟವನ್ನು ಇನ್ನೊಮ್ಮೆ ತೆಗೆಯಿರಿ. ಆರ್ಮರ್ ಕ್ಲಾಸ್ (ಏಟು ತಾಗಲು ದಾಳ ಮುಟ್ಟಬೇಕಾದ ಅಂಕಿ) 11. ಹಿಟ್ ಪಾಯಿಂಟ್ 38. ಉಗುರು ಮತ್ತು ಒಂದು ದೊಣ್ಣೆ. ಇಷ್ಟೇ ಆಗಿದ್ದರೆ ಅದು ಸುಲಭವಾಗಿ ಏಟು ತಿನ್ನುವ ಒಂದು ದೊಡ್ಡ ಹಕ್ಕಿ. ನಿಮ್ಮ ಬಯಲಿನಲ್ಲಿ ಅದು ಹಾಗೇ ಆಯಿತು. ಹಿಟ್ ಪಾಯಿಂಟ್ 76 ಮಾಡಿದ್ದರೆ ಅದೇ ಹಕ್ಕಿಯನ್ನು ಆರು ರೌಂಡ್ ಹೊಡೆಯುತ್ತಿದ್ದರು. ಹೊಸದೇನೂ ನಡೆಯುತ್ತಿರಲಿಲ್ಲ.

ನಾನು ಎನ್‌ಕೌಂಟರ್ ಕಟ್ಟುವಾಗ ಚಾಲೆಂಜ್ ರೇಟಿಂಗ್ (ಮಾನ್ಸ್ಟರ್ ಎಷ್ಟು ಕಠಿಣ ಅನ್ನುವ ಅಂಕಿ) ಕೊನೆಗೆ ನೋಡುತ್ತೇನೆ. ಬೇರೆ ಮಾನ್ಸ್ಟರ್‌ಗೆ ಇಲ್ಲದ, ಇದಕ್ಕೆ ಮಾತ್ರ ಇರುವ ಒಂದು ಸಾಲು ಯಾವುದು ಅಂತ ಮೊದಲು ಹುಡುಕುತ್ತೇನೆ. ಆಮೇಲೆ, ಆ ಸಾಲು ಎಲ್ಲಿ ಅತಿ ಹೆಚ್ಚು ಕಾಡುತ್ತದೆ ಅಂತ ಯೋಚಿಸಿ ಆ ಜಾಗವನ್ನು ಕಟ್ಟುತ್ತೇನೆ. ಮಾನ್ಸ್ಟರ್ ಮೊದಲು, ನಕ್ಷೆ ಆಮೇಲೆ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ನಕ್ಷೆ ಬರೆದು ಮುಗಿಸಿ, ಅದರ ಮೇಲೆ ಮಾನ್ಸ್ಟರ್ ತಂದು ಇಡುತ್ತಾರೆ.

ಹಾರ್ಪಿಯ ಆ ಸಾಲು ಹಾಡು. ಅದನ್ನು ನಿಧಾನವಾಗಿ, ಒಂದೊಂದು ಮಾತನ್ನೂ ಬಿಡದೆ ಓದಬೇಕು. 300 ಅಡಿಯೊಳಗೆ ಹಾಡು ಕೇಳಿಸಿಕೊಂಡ ಪ್ರತಿಯೊಬ್ಬ ಮನುಷ್ಯಾಕಾರದ ಜೀವಿ ಮತ್ತು ಜೈಂಟ್ 11ರ ವಿಸ್‌ಡಂ ಸೇವ್ ಹಾಕಬೇಕು, ಅಂದರೆ ತಪ್ಪಿಸಿಕೊಳ್ಳಲು ಇಪ್ಪತ್ತು ಮುಖದ ದಾಳ ಹಾಕಿ, ವಿಸ್‌ಡಂ (ವಿವೇಕ) ಗುಣದ ಅಂಕ ಕೂಡಿಸಿ 11 ಮುಟ್ಟಬೇಕು. ಸೋತವನು ಏನೂ ಮಾಡಲಾರ. ತನ್ನ ಸರದಿಯಲ್ಲಿ ಹಾರ್ಪಿಯ ಕಡೆಗೆ ನೇರ ದಾರಿಯಲ್ಲಿ ನಡೆಯುತ್ತಾನೆ. ಬೆಂಕಿ, ಗುಂಡಿಯಂಥ ಏಟು ಬೀಳುವ ಜಾಗಕ್ಕೆ ಕಾಲಿಡುವ ಮುಂಚೆ ಅವನಿಗೆ ಇನ್ನೊಂದು ಸೇವ್ ಇದೆ. ಆ ಹಾರ್ಪಿಯನ್ನು ಬಿಟ್ಟು ಬೇರೆ ಯಾರಿಂದ ಏಟು ಬಿದ್ದರೂ ಇನ್ನೊಂದು ಸೇವ್ ಇದೆ. ತನ್ನ ಸರದಿಯ ಕೊನೆಗೆ ಹೇಗೂ ಒಂದಿದೆ. ಗೆದ್ದರೆ ಆ ಹಾರ್ಪಿಯ ಹಾಡು 24 ಗಂಟೆ ಅವನಿಗೆ ತಾಗದು.

ಅಂದ ಹಾಗೆ, ಗ್ರೀಕ್ ಪುರಾಣದ ಹಾರ್ಪಿ ಹಾಡುವುದಿಲ್ಲ, ಕಸಿದುಕೊಂಡು ಹೋಗುತ್ತದೆ. ಹಾಡಿ ನಾವಿಕರನ್ನು ಸೆಳೆಯುವವರು ಸೈರನ್‌ಗಳು. ಈ ಆಟ ಇಬ್ಬರನ್ನೂ ಸೇರಿಸಿ ಒಂದು ಮಾಡಿದೆ. ಹಾಗಾಗಿ ಹಾರ್ಪಿಯ ಜಾಗ ಯೋಚಿಸುವಾಗ ನನಗೆ ಮೊದಲು ನೆನಪಾಗುವುದು ನೀರು.

ಗುಂಡಿ ತೋಡಿದರೆ ಸೇವ್ ಸಿಗುತ್ತದೆ. ಬರೀ ನೀರು ಏಟು ಕೊಡುವ ಜಾಗವಲ್ಲ, ಹಾಗಾಗಿ ಅಲ್ಲಿ ಸೇವ್ ಇಲ್ಲ. ನೀರಿನಲ್ಲಿ ಒಂದು ಅಡಿ ಹೋಗಲು ಎರಡು ಅಡಿಯ ನಡಿಗೆ ಖರ್ಚಾಗುತ್ತದೆ. 30 ಅಡಿ ನಡೆಯುವವನು 15 ಅಡಿ ಹೋಗುತ್ತಾನೆ. ಈಗ ನಿಧಾನವಾಗಿ ಹರಿಯುವ ಅಗಲವಾದ ನದಿ ಬರೆಯಿರಿ. ದಡದಿಂದ 60 ಅಡಿ ದೂರದಲ್ಲಿ ಒಂದು ಬಂಡೆ. ಹಾಡುವ ಹಾರ್ಪಿ ಅಲ್ಲಿ ಕೂತಿದೆ. ವಿಸ್‌ಡಂನಿಂದ ದಾಳಕ್ಕೆ ಏನೂ ಕೂಡದ ಫೈಟರ್‌ಗೆ ಸೇವ್ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ. ಸೋತರೆ ಸಾಮಾನ್ಯವಾಗಿ ಒಂದೆರಡು ಸರದಿಯಲ್ಲಿ ಎಚ್ಚರ ಆಗುತ್ತದೆ. ಆದರೆ ಎಚ್ಚರವಾಗುವಾಗ ಅವನು ದಡದಲ್ಲಿಲ್ಲ. ಎದೆಮಟ್ಟದ ನೀರಿನಲ್ಲಿ, 30 ಅಡಿ ಒಳಗೆ, ಒಬ್ಬನೇ ಇದ್ದಾನೆ. ಅವನನ್ನು ಮುಳುಗಿಸುವುದು ಇಲ್ಲಿ ಉದ್ದೇಶವಲ್ಲ. ಈ ಆಟದಲ್ಲಿ ಉಸಿರು ಹಿಡಿಯುವ ಸಮಯ ನಿಮಿಷಗಳ ಲೆಕ್ಕ, ಯಾರೂ ಬೇಗ ಮುಳುಗಿ ಸಾಯುವುದಿಲ್ಲ. ನೀರು ಮಾಡುವ ಕೆಲಸ ಗೆಳೆಯರನ್ನು ಬೇರೆ ಮಾಡುವುದು.

ಈಗ ಹಾರ್ಪಿಗಳನ್ನು ಹೇಗೆ ಆಡಿಸಬೇಕು? ಹಾಡು ಶುರು ಮಾಡಲು ಒಂದು ಆಕ್ಷನ್ (ಸರದಿಯ ಮುಖ್ಯ ಕೆಲಸ) ಬೇಕು. ಮುಂದಿನ ರೌಂಡಿನಿಂದ ಬೋನಸ್ ಆಕ್ಷನ್‌ನಲ್ಲೇ (ಅದರ ಜೊತೆಗಿನ ಚಿಕ್ಕ ಕೆಲಸ) ಹಾಡು ಮುಂದುವರಿಯುತ್ತದೆ, ಆಕ್ಷನ್ ಹೊಡೆಯಲು ಸಿಗುತ್ತದೆ. ಮರುಳಾದವನನ್ನು ಬೇರೆ ಹಾರ್ಪಿ ಹೊಡೆದರೆ ಅವನಿಗೆ ಸೇವ್ ಸಿಕ್ಕಿಬಿಡುತ್ತದೆ. ಹಾಡುವವಳೇ ಹೊಡೆದರೆ ಸಿಗುವುದಿಲ್ಲ. ಆದ್ದರಿಂದ ಹಾಡುವವಳೇ ಎರಡನೇ ರೌಂಡಿನಲ್ಲಿ ಹಾಡುತ್ತಲೇ ಹಾರಿ ಬಂದು ಅವನ ಮೇಲೆ ಎರಗಲಿ. ಉಳಿದ ಇಬ್ಬರ ಕೆಲಸ, ನೀರಿಗೆ ಇಳಿದು ಅವನನ್ನು ಎಳೆದು ತರಲು ಬರುವವರನ್ನು ತಡೆಯುವುದು. ಒಂದು ಎಚ್ಚರಿಕೆ: ಹದ್ದಿನ ಹಾಗೆ ಎರಗಿ ಮತ್ತೆ ಮೇಲಕ್ಕೆ ಹಾರಿಸಬೇಡಿ. ಏಟು ತಿನ್ನದೆ ಹಾರಿ ಹೋಗುವ ಗುಣ ಹಾರ್ಪಿಗೆ ಇಲ್ಲ. ಎಚ್ಚರದಲ್ಲಿರುವವನ ಪಕ್ಕದಿಂದ ಹಾರಿದರೆ ಅವನಿಗೆ ಒಂದು ಏಟು ಪುಕ್ಕಟೆ ಸಿಗುತ್ತದೆ. ಮರುಳಾದವನಿಗೆ ಮಾತ್ರ ಆ ಏಟು ಹೊಡೆಯಲು ಆಗುವುದಿಲ್ಲ.

ಮೂವರನ್ನೂ ಒಟ್ಟಿಗೆ ಹಾಡಿಸುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಅರ್ಧಕ್ಕರ್ಧ ಸಾಧ್ಯತೆಯ ಸೇವ್ ಮೂರು ಸಲ ಗೆಲ್ಲುವುದು ಎಂಟರಲ್ಲಿ ಒಂದು ಸಲ. ಫೈಟರ್ ಆಡುವ ಗೆಳೆಯ ಆ ರಾತ್ರಿ ಆಡುವುದೇ ಇಲ್ಲ, ಸುಮ್ನೆ ಕೂತಿರುತ್ತಾನೆ. ಸರದಿ ಕಸಿಯುವ ಶಕ್ತಿಗಳ ಬಗ್ಗೆ ನನಗೆ ಯಾವತ್ತೂ ಒಂದು ಹೆದರಿಕೆ ಇದೆ. ಕಾಗದದ ಮೇಲೆ ಅದು ಆರು ಸೆಕೆಂಡ್. ಟೇಬಲ್ಲಿನಲ್ಲಿ ಹತ್ತು, ಹದಿನೈದು ನಿಮಿಷ. ಹಾಗಾಗಿ ಒಬ್ಬಳು ಹಾಡಲಿ. ಅವಳು ಸತ್ತರೆ ಇನ್ನೊಬ್ಬಳು ಶುರು ಮಾಡಲಿ. ಮರುಳಾದವನನ್ನು ಹಾಗೇ ಬಿಡಬೇಡಿ. ‘ಆ ಹಾಡಿನಲ್ಲಿ ನಿನಗೆ ಯಾರ ದನಿ ಕೇಳಿಸುತ್ತಿದೆ?’ ಅಂತ ಕೇಳಿ. ಸರದಿ ಹೋದರೂ ಮಾತು ಅವನದೇ ಆಗಿರುತ್ತದೆ. ನನ್ನ ಟೇಬಲ್ಲಿನಲ್ಲಿ ಒಬ್ಬರು ‘ನನ್ನ ಅಜ್ಜಿ ಕರೀತಿದ್ದಾರೆ’ ಅಂದಾಗ ಎಲ್ಲರೂ ಮೌನವಾಗಿದ್ದರು. ಆ ಎನ್‌ಕೌಂಟರ್‌ನಲ್ಲಿ ಯಾರು ಎಷ್ಟು ಹೊಡೆದರು ಅಂತ ಈಗ ಯಾರಿಗೂ ನೆನಪಿಲ್ಲ. ಅಜ್ಜಿ ಮಾತ್ರ ಎಲ್ಲರಿಗೂ ನೆನಪಿದ್ದಾರೆ.

ಬಿಡಿಸಿಕೊಳ್ಳುವ ದಾರಿಗಳೂ ಅದೇ ಸಾಲಿನಲ್ಲಿವೆ. ಬೇರೆಯವರ ಏಟು ಬಿದ್ದರೆ ಸೇವ್ ಅಂದೆವಲ್ಲ? ಹಾಗಾದರೆ ರೋಗ್ ತನ್ನ ಗೆಳೆಯನ ಕಪಾಳಕ್ಕೆ ಒಂದು ಬಾರಿಸಬಹುದು. ಸೊಂಟಕ್ಕೆ ಹಗ್ಗ ಕಟ್ಟಬಹುದು. ಕೇಳಿಸಿಕೊಂಡರೆ ಮಾತ್ರ ಹಾಡು ತಾಗುತ್ತದೆ, ಆದ್ದರಿಂದ ಕಿವಿಗೆ ಮೇಣ ಹಾಕಿಕೊಳ್ಳಬಹುದು. ನಿಮ್ಮ ಕ್ಲೆರಿಕ್‌ಗೆ ಈ ಲೆವೆಲ್‌ನಲ್ಲಿ ಸೈಲೆನ್ಸ್ ಮಂತ್ರ ಸಿಗುತ್ತದೆ. ಬಂಡೆಯ ಮೇಲೆ ಹಾಕಿದರೆ ಸುತ್ತ 20 ಅಡಿ ನಿಶ್ಶಬ್ದ. ಹಾರ್ಪಿ ಅಲ್ಲಿಂದ ಎದ್ದು ಬರಲೇಬೇಕು. ಇವರು ಹೀಗೆ ಮಾಡಿದಾಗ ದಯವಿಟ್ಟು ತಡೆಯಬೇಡಿ. ‘ಬಂಡೆಗೆ ಮಂತ್ರ ತಾಗಲ್ಲ’ ಅಂತ ಆ ಕ್ಷಣಕ್ಕೆ ನಿಯಮ ಹುಟ್ಟಿಸಬೇಡಿ. ಶಕ್ತಿಯನ್ನು ಜೋರಾಗಿ ಬಳಸಿದ ಡಿ.ಎಂ.ಗೆ (ಆಟ ಆಡಿಸುವವರಿಗೆ) ಅದರ ಮದ್ದನ್ನೂ ಅಷ್ಟೇ ಜೋರಾಗಿ ಒಪ್ಪಿಕೊಳ್ಳುವ ಮನಸ್ಸು ಬೇಕು.

ಮದ್ದು ಹೊಳೆಯಬೇಕಾದರೆ ಮೊದಲು ಸುಳಿವು ಸಿಗಬೇಕು. ನನಗೆ ತುಂಬ ಇಷ್ಟವಾದ ಸುಳಿವು ಆ ಸಾಲಿನ ಮೊದಲಲ್ಲೇ ಇದೆ. ಹಾಡು ತಾಗುವುದು ಮನುಷ್ಯಾಕಾರದವರಿಗೆ ಮತ್ತು ಜೈಂಟ್‌ಗಳಿಗೆ ಮಾತ್ರ. ಪ್ರಾಣಿಗಳಿಗೆ ಏನೂ ಆಗುವುದಿಲ್ಲ. ಹಾಗಾದರೆ ಇವರು ನದಿಗೆ ಬಂದಾಗ ದಡದಲ್ಲಿ ದನಗಳು ತಮ್ಮ ಪಾಡಿಗೆ ಮೇಯುತ್ತಿವೆ. ಕಾಯುವ ಹುಡುಗ ಇಲ್ಲ. ಅವನ ಕೋಲು ಬಿದ್ದಿದೆ. ಪಕ್ಕದಲ್ಲೇ ಒಳ್ಳೆಯ ಕಾಲುದಾರಿ ಇದ್ದರೂ ಹೆಜ್ಜೆ ಗುರುತು ಕೆಸರಿನಲ್ಲೇ ನೇರವಾಗಿ ನೀರಿಗೆ ಇಳಿದಿದೆ. ಇಷ್ಟು ಹೇಳಿ ಸುಮ್ಮನಿರಿ. ಟೇಬಲ್ಲಿನಲ್ಲಿ ಯಾರಾದರೂ ಒಬ್ಬರು ‘ಹಗ್ಗ ಇದೆಯಾ?’ ಅಂತ ಕೇಳಿಯೇ ಕೇಳುತ್ತಾರೆ.

ಸುಳಿವು ಕೊಡದೆ ನಾನು ಮಾಡಿದ ತಪ್ಪನ್ನೂ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಐದನೇ ಲೆವೆಲ್‌ನ ಗುಂಪಿನ ಮೇಲೆ ಮೂರು ಶ್ಯಾಡೋಗಳನ್ನು (ನೆರಳಿನಂಥ ಭೂತ) ಬಿಟ್ಟೆ. ಚಾಲೆಂಜ್ ರೇಟಿಂಗ್ ಅರ್ಧ. ಏನು ಮಹಾ ಅಂದುಕೊಂಡಿದ್ದೆ. ಶ್ಯಾಡೋ ಹೊಡೆದಾಗಲೆಲ್ಲ ನಾಲ್ಕು ಮುಖದ ದಾಳ ಹಾಕಿ ಅಷ್ಟು ಸ್ಟ್ರೆಂತ್ (ಮೈಬಲದ ಅಂಕ) ಕಳೆಯಬೇಕು. ಸ್ಟ್ರೆಂತ್ ಸೊನ್ನೆಯಾದರೆ ಸಾವು. ಡೆತ್ ಸೇವ್ (ಬಿದ್ದವನು ಬದುಕಿ ಉಳಿಯಲು ಹಾಕುವ ದಾಳ) ಕೂಡ ಇಲ್ಲ. ವಿಝರ್ಡ್‌ನ ಸ್ಟ್ರೆಂತ್ 8 ಇತ್ತು. ಮೂರು ಏಟಿಗೆ ಮೂರು, ಮೂರು, ಎರಡು ಬಿತ್ತು. ಹಿಟ್ ಪಾಯಿಂಟ್ ಇನ್ನೂ ಉಳಿದಿರುವಾಗಲೇ ಆ ಪಾತ್ರ ಸತ್ತಿತು. ಎರಡು ವರ್ಷ ಆಡಿದ ಪಾತ್ರ. ಅದನ್ನು ಆಡುತ್ತಿದ್ದ ಗೆಳತಿ ತನ್ನ ಹಾಳೆಯನ್ನೇ ನೋಡುತ್ತಾ ಕೂತಿದ್ದರು. ಬೇಜಾರು ಆ ಸಾವಿಗೆ ಮಾತ್ರ ಆಗಿರಲಿಲ್ಲ. ಹೀಗಾಗಬಹುದು ಅಂತ ಗೊತ್ತಿದ್ದರೆ ಅವರು ಓಡುತ್ತಿದ್ದರು. ಆ ಅವಕಾಶವನ್ನು ನಾನು ಕೊಟ್ಟಿರಲಿಲ್ಲ.

ಈಗ ಶ್ಯಾಡೋ ತಂದರೆ ಮೊದಲು ಒಂದು ಹೆಣ ತೋರಿಸುತ್ತೇನೆ. ಮೈಮೇಲೆ ಕತ್ತಿಯ ಗಾಯವಿಲ್ಲ. ದೊಡ್ಡ ಆಳು, ಆದರೆ ತೋಳು ಕಡ್ಡಿಯಾಗಿದೆ. ಮೊದಲ ಏಟನ್ನು ಸ್ಟ್ರೆಂತ್ ಜಾಸ್ತಿ ಇರುವ ಫೈಟರ್‌ಗೆ ಹಾಕುತ್ತೇನೆ. ‘ಗುರಾಣಿ ಕೈಯಲ್ಲಿ ನಿಲ್ಲುತ್ತಿಲ್ಲ, ಭಾರ ಆಗುತ್ತಿದೆ’ ಅನ್ನುತ್ತೇನೆ. ಆಮೇಲೆ ವಿಝರ್ಡ್ ಏನು ಮಾಡಬೇಕು ಅನ್ನುವುದು ವಿಝರ್ಡ್‌ಗೆ ಬಿಟ್ಟದ್ದು.

ಜಾಗ ಬದಲಾದರೆ ಅದೇ ಶಕ್ತಿ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ಬ್ಯಾನ್‌ಶಿ ಅನ್ನುವ ಹೆಣ್ಣು ಭೂತ ಒಳ್ಳೆಯ ಉದಾಹರಣೆ. ದಿನಕ್ಕೆ ಒಂದು ಸಲ ಅದು ಚೀರುತ್ತದೆ. 30 ಅಡಿಯೊಳಗೆ ಕೇಳಿದವರು 13ರ ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) ಸೇವ್ ಸೋತರೆ ನೇರವಾಗಿ ಸೊನ್ನೆ ಹಿಟ್ ಪಾಯಿಂಟ್. ಚಿಕ್ಕ ಕೋಣೆಯಲ್ಲಿ ಬಾಗಿಲು ತೆಗೆದ ತಕ್ಷಣ ಚೀರಿಸಿದರೆ ಎಲ್ಲರೂ ಒಂದೇ ಸಲ ಬೀಳಬಹುದು. 80 ಅಡಿ ಉದ್ದದ ಹಜಾರದಲ್ಲಿ, ಆ ತುದಿಯಲ್ಲಿ ಕಂಡರೆ, ಇವರು ಚದುರಿ ನಿಲ್ಲುತ್ತಾರೆ. ಕ್ಲೆರಿಕ್ ಹಿಂದೆ ಉಳಿಯುತ್ತಾರೆ. ಬಿದ್ದವರನ್ನು ಎಬ್ಬಿಸಲು ಒಬ್ಬರು ಇರುತ್ತಾರೆ. ಬಿಸಿಲಲ್ಲಿ ಅದಕ್ಕೆ ಚೀರಲು ಆಗುವುದಿಲ್ಲ. ಹಜಾರದಲ್ಲಿ ಪರದೆ ಹಾಕಿದ ಒಂದು ಕಿಟಕಿ ಇಟ್ಟರೆ ಎನ್‌ಕೌಂಟರ್‌ನ ರೂಪವೇ ಬೇರೆಯಾಗುತ್ತದೆ.

ಒಂದೇ ಜಾತಿಯ ಮಾನ್ಸ್ಟರ್ ಸಾಕಾಗದಿದ್ದರೆ ಜೋಡಿ ಮಾಡಿ. ಆದರೆ ಇಲ್ಲಿ ಬಹಳ ಜನ ಎಡವುತ್ತಾರೆ. ಹಳೆಯ ಕಥೆಗಳ ನೆನಪಿನಲ್ಲಿ ತೋಳದ ಜೊತೆ ಬಿಲ್ಲು ಹಿಡಿದ ಗೋಬ್ಲಿನ್‌ಗಳನ್ನು ಇಡುತ್ತಾರೆ. ನೋಡಲು ಚೆನ್ನಾಗಿದೆ. ಆದರೆ ತೋಳ ಕಚ್ಚಿ ಕೆಡವಿದವನು ನೆಲದ ಮೇಲೆ ಬಿದ್ದಿರುತ್ತಾನೆ. ನೆಲದ ಮೇಲಿರುವವನಿಗೆ ದೂರದಿಂದ ಬಾಣ ಬಿಟ್ಟರೆ ಡಿಸ್‌ಅಡ್ವಾಂಟೇಜ್ (ಎರಡು ದಾಳ ಹಾಕಿ ಕಡಿಮೆ ಬಿದ್ದದ್ದನ್ನು ಇಟ್ಟುಕೊಳ್ಳಬೇಕು). ಅಂದರೆ ತೋಳ ತನ್ನ ಗೋಬ್ಲಿನ್‌ನ ಬಾಣವನ್ನೇ ಕೆಡಿಸಿತು. ತೋಳಕ್ಕೆ ಸರಿಯಾದ ಜೋಡಿ ಓಗರ್ ಅನ್ನುವ ದೊಡ್ಡ ರಾಕ್ಷಸ. ಓಗರ್‌ನ ಪುಟದಲ್ಲಿ ವಿಶೇಷ ಅನ್ನುವಂಥದ್ದು ಏನೂ ಇಲ್ಲ, ಒಂದು ದೊಡ್ಡ ದೊಣ್ಣೆ ಮತ್ತು ಎಸೆಯುವ ಈಟಿ ಮಾತ್ರ. ದೊಣ್ಣೆಯ ಏಟು ಎರಡು ಎಂಟು ಮುಖದ ದಾಳ, ಜೊತೆಗೆ ನಾಲ್ಕು. ಆದರೆ ಬಿದ್ದವನನ್ನು ಹತ್ತಿರ ನಿಂತು ಹೊಡೆಯುವವನಿಗೆ ಅಡ್ವಾಂಟೇಜ್ (ಎರಡು ದಾಳದಲ್ಲಿ ಹೆಚ್ಚು ಬಿದ್ದದ್ದು ಲೆಕ್ಕ). ತೋಳ ಕೆಡವುತ್ತದೆ, ಓಗರ್ ದೊಣ್ಣೆ ಎತ್ತುತ್ತದೆ. ಆ ನಡುವಿನ ಸರದಿಯಲ್ಲಿ ಗೆಳೆಯನನ್ನು ಉಳಿಸುವುದು ಹೇಗೆ ಅಂತ ಎಲ್ಲರೂ ಒಟ್ಟಿಗೆ ಮಾತಾಡಲು ಶುರು ಮಾಡುತ್ತಾರೆ.

2008ರ ನಾಲ್ಕನೇ ಆವೃತ್ತಿಯಲ್ಲಿ ಪ್ರತಿ ಮಾನ್ಸ್ಟರ್‌ಗೂ ಒಂದು ಪಾತ್ರದ ಹೆಸರು ಇತ್ತು. ಬ್ರೂಟ್, ಲರ್ಕರ್, ಆರ್ಟಿಲರಿ, ಕಂಟ್ರೋಲರ್, ಸೋಲ್ಜರ್, ಸ್ಕರ್ಮಿಷರ್. 2014ರಲ್ಲಿ ಅದು ಹೋಯಿತು. ನಾನು ಈಗಲೂ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಅದನ್ನು ಬರೆದುಕೊಳ್ಳುತ್ತೇನೆ. ಎರಡು ಬ್ರೂಟ್ ಇಟ್ಟರೆ ಬರೀ ಗುದ್ದಾಟ. ಒಬ್ಬ ಹಿಡಿಯುವವನು, ಒಬ್ಬ ಹೊಡೆಯುವವನು ಇದ್ದರೆ ಕೆಲಸ ಆಗುತ್ತದೆ.

ಚಿಕ್ಕ ಮಾನ್ಸ್ಟರ್‌ಗಳಿಂದ ಆಗುವುದಿಲ್ಲ ಅನ್ನುವವರಿಗೆ ಹಳೆಯ ಉತ್ತರ ಒಂದಿದೆ. 1987ರಲ್ಲಿ ಈ ಆಟದ ಪತ್ರಿಕೆ ‘ಡ್ರ್ಯಾಗನ್’ನ ಸಂಪಾದಕರಾಗಿದ್ದ ರಾಜರ್ ಮೂರ್ ‘ಟಕರ್ಸ್ ಕೋಬೋಲ್ಡ್ಸ್’ ಬಗ್ಗೆ ಬರೆದರು. ಬೆಂಕಿ, ಕಿರಿದಾದ ಸುರಂಗ, ಗೋಡೆಯ ಹಿಂದಿನಿಂದ ಬರುವ ಬಾಣ. ದೊಡ್ಡ ಲೆವೆಲ್‌ನ ವೀರರು ಕೋಬೋಲ್ಡ್ ಅನ್ನುವ ಪುಟ್ಟ, ಬಲವಿಲ್ಲದ ಮಾನ್ಸ್ಟರ್‌ಗಳಿಗೆ ಹೆದರಿ ಓಡಿದ ಕಥೆ ಅದು. ಈ ಕಸುಬಿನಲ್ಲಿ ಇರುವವರು ಇವತ್ತಿಗೂ ಆ ಹೆಸರು ಹೇಳುತ್ತಾರೆ.

ಇನ್ನು ನಿಮ್ಮ ಗಣಿ. ಗೋಬ್ಲಿನ್‌ಗೆ ಏಳು ಹಿಟ್ ಪಾಯಿಂಟ್. ಅದರ ಒಂದು ಸಾಲು ನಿಂಬಲ್ ಎಸ್ಕೇಪ್. ಬೋನಸ್ ಆಕ್ಷನ್‌ನಲ್ಲಿ ಅದು ಜಾರಿಕೊಳ್ಳಬಹುದು ಅಥವಾ ಅಡಗಬಹುದು. ಬಾಣ ಬಿಡು, ಅಡಗು, ಜಾಗ ಬದಲಿಸು, ಮತ್ತೆ ಬಾಣ ಬಿಡು. ಆದರೆ ಅಡಗಲು ಏನಾದರೂ ಬೇಕಲ್ಲ? ಬೋಳು ಕೋಣೆಯಲ್ಲಿ ಆ ಸಾಲು ಇದ್ದೂ ಇಲ್ಲದಂತೆ. ಮಗುಚಿ ಬಿದ್ದ ಅದಿರಿನ ಬಂಡಿಗಳು, ಮರದ ಆಸರೆ ಕಂಬಗಳು, ಕಲ್ಲಿನ ರಾಶಿಗಳನ್ನು ಇಡಿ. ಗೋಬ್ಲಿನ್‌ಗೆ ಕತ್ತಲಲ್ಲಿ 60 ಅಡಿ ಕಾಣುತ್ತದೆ. ನಿಮ್ಮವರ ಪಂಜು 20 ಅಡಿ ಚೆನ್ನಾಗಿ, ಇನ್ನೊಂದು 20 ಅಡಿ ಮಬ್ಬಾಗಿ ಬೆಳಗುತ್ತದೆ. ಪಂಜನ್ನೇ ನೆಚ್ಚಿಕೊಂಡವರಿಗೆ 40ರಿಂದ 60 ಅಡಿಯ ನಡುವಿನ ಆ ಕತ್ತಲ ಪಟ್ಟಿ ಏನೂ ಕಾಣದು. ಗೋಬ್ಲಿನ್‌ಗಳನ್ನು ಅಲ್ಲಿ ಇಡಿ. ಕಾಣದ ಕಡೆಯಿಂದ ಬರುವ ಬಾಣಕ್ಕೆ ಅಡ್ವಾಂಟೇಜ್ ಇದೆ.

ಇದಕ್ಕೆ ಜೋಡಿಯಾಗಿ ಒಂದು ಜೈಂಟ್ ಸ್ಪೈಡರ್. ಅದು ಸೂರಿನ ಮೇಲೆ ನಡೆಯುತ್ತದೆ, 60 ಅಡಿಯವರೆಗೆ ಬಲೆ ಎಸೆಯುತ್ತದೆ. ಬಲೆಯಲ್ಲಿ ಸಿಕ್ಕವನು ಅಲ್ಲಾಡಲಾರ, ಆದರೆ ನಿಂತೇ ಇರುತ್ತಾನೆ. ದೂರದ ಬಾಣಕ್ಕೂ ಅವನ ಮೇಲೆ ಅಡ್ವಾಂಟೇಜ್. ತೋಳ ಕೆಡಿಸಿದ್ದನ್ನು ಜೇಡ ಸರಿಮಾಡುತ್ತದೆ. ಬಲೆಯನ್ನು ಮೊದಲ ರೌಂಡಿನಲ್ಲೇ ಎಸೆಯಿರಿ. ಒಳ್ಳೆಯ ಶಕ್ತಿಯನ್ನು ಆಮೇಲೆ ಬಳಸೋಣ ಅಂತ ಇಟ್ಟುಕೊಂಡರೆ ಅಷ್ಟರಲ್ಲಿ ಮಾನ್ಸ್ಟರ್ ಸತ್ತಿರುತ್ತದೆ. ಬಲೆ ಮತ್ತೆ ಸಿಗಲು ಪ್ರತಿ ರೌಂಡಿಗೂ ಆರು ಮುಖದ ದಾಳದಲ್ಲಿ ಐದು ಅಥವಾ ಆರು ಬೀಳಬೇಕು.

ಬಲೆಗೆ ಐದು ಹಿಟ್ ಪಾಯಿಂಟ್. ಕ್ಲೆರಿಕ್‌ನ ಗದೆಯ ಏಟು ಅದಕ್ಕೆ ತಾಗುವುದೇ ಇಲ್ಲ, ಬೆಂಕಿ ಮಾತ್ರ ದುಪ್ಪಟ್ಟು ತಾಗುತ್ತದೆ. ಆದ್ದರಿಂದ ಬಲೆ ಸುಟ್ಟು ಬಿಡಿಸಬೇಕಾದರೆ ಪಂಜು ಹಿಡಿದವರು ಹತ್ತಿರ ಹೋಗಬೇಕು. ಅವರ ಜೊತೆ ಬೆಳಕೂ ಹೋಗುತ್ತದೆ, ಉಳಿದವರು ಕತ್ತಲಲ್ಲಿ. ಯಾರು ಪಂಜು ಹಿಡಿದಿದ್ದಾರೆ ಅಂತ ಆಟದ ಶುರುವಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ನಾಲ್ಕು ಗೋಬ್ಲಿನ್‌ಗೆ 200 ಎಕ್ಸ್‌ಪಿ, ಜೇಡಕ್ಕೆ 200. ಎರಡರಿಂದ ಗುಣಿಸಿದರೆ 800. ಪುಸ್ತಕದ ಪ್ರಕಾರ ಇದು ‘ಮೀಡಿಯಂ’, ನಿಮ್ಮ ಹಾರ್ಪಿಗಳಿಗಿಂತ ಕಡಿಮೆ. ಯಾವ ಅಂಕಿಯನ್ನೂ ತಿದ್ದಬೇಡಿ, ಹೀಗೇ ಆಡಿಸಿ. ಗಣಿಯ ಬಾಯಲ್ಲಿ ಮಾತ್ರ ಒಂದು ಸುಳಿವು ಇಡಿ: ಬಿಳಿ ನೂಲಿನಲ್ಲಿ ಸುತ್ತಿದ ಬಾವಲಿಗಳು ಸೂರಿನಿಂದ ಜೋತಾಡುತ್ತಿವೆ. ಅವುಗಳ ಕೆಳಗೆ, ಯಾರೋ ಜೇಡಕ್ಕೆ ಅಂತ ತಂದಿಟ್ಟ ಕುರಿಯ ತಲೆ.